ಬೆರಳಕ್ಕ

ಅಕ್ಕನಿಗೆ ಬೇರೆ ಗುಂಪಿನ ರಕ್ತ ಹಾಕಿದರು. ಅಕ್ಕ ಸತ್ತಳು. ಹಾಕಿಸಿದ ದೊಡ್ಡ ಡಾಕ್ಟರು ಈಗಲೂ ಅದೇ ವಾರ್ಡಿಗೆ ಬರುತ್ತಾರೆ.

ತಂಗಿ ಆ ಆಸ್ಪತ್ರೆಯ ಮೆಟ್ಟಿಲು ಮತ್ತೆ ತುಳಿಯುತ್ತಾಳೆಂದು ಯಾರೂ ಎಣಿಸಿರಲಿಲ್ಲ. ತುಳಿದಳು. ರಕ್ತದ ಗುಂಪು ಕಲಿಸುವ ಕೋಣೆ ಮೇಲಿನ ಮಹಡಿಯ ತುದಿಯಲ್ಲಿತ್ತು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಏದುಸಿರು, ಎದೆ ಡವಡವ. ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ನಿಂತು ಒಳಗೆ ಹೋಗುತ್ತಿದ್ದಳು.

ಕ್ಲಾಸಿಗೆ ಬಾ ಎಂದು ಟೀಚರಮ್ಮನೇ ಕರೆದಿದ್ದರು. ಅವಳು ಹೂಂ ಅಂದಿದ್ದಳು. ಹೂಂ ಅನ್ನುವುದು ಅವರ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹಲ್ಲು ಹುಟ್ಟುವ ಮೊದಲೇ ಬರುವ ಮಾತು. ಅಪ್ಪನಿಗೆ ಹೂಂ, ಗಂಡನಿಗೆ ಹೂಂ, ಕೂಲಿ ಕೊಡುವವನಿಗೆ ಹೂಂ. ಬಿಳಿ ಕೋಟಿನವರಿಗಂತೂ ಅವರು ಬಾಯಿ ತೆರೆಯುವ ಮೊದಲೇ ಹೂಂ.

ಅವಳಿಗೆ ಬಿಳಿ ಕೋಟು ಇರಲಿಲ್ಲ. ಕೇಳಲೂ ಇಲ್ಲ. ಆದರೆ ಜಾಗ ಮಾತ್ರ ಎಲ್ಲರಿಗಿಂತ ಮುಂದೆ, ಮೇಜಿನ ಪಕ್ಕ. ಸೂಜಿ ಕಂಡರೆ ಮಿಕ್ಕವರು ಕೈ ಬೆನ್ನ ಹಿಂದೆ ಕಟ್ಟುತ್ತಿದ್ದರು. ಇವಳು ನಡುಗುತ್ತಲೇ ಬೆರಳು ಚಾಚುತ್ತಿದ್ದಳು.

"ಬೆರಳಕ್ಕ ಇರೋವರೆಗೂ ನಮ್ಮ ಬೆರಳು ಕ್ಷೇಮ," ಎಂದು ಗುಂಗುರು ನಗಿಸುತ್ತಿದ್ದಳು. ಕಲಿಯುವವರಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗಿ. ಕೂದಲಿಗೆ ಬಿದ್ದ ಹೆಸರು ಅದು. ಅವಳಿಟ್ಟ ಹೆಸರೇ ಬೆರಳಕ್ಕ. ಕೋಣೆಯೆಲ್ಲ ಹಾಗೇ ಕರೆಯಿತು.

ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ರಕ್ತದ ಎರಡು ಹನಿ. ಒಂದಕ್ಕೆ ನೀಲಿ ದ್ರವ, ಒಂದಕ್ಕೆ ಹಳದಿ. ಕಡ್ಡಿಯಿಂದ ಕಲಸಿ ಬಿಲ್ಲೆಯನ್ನು ತೊಟ್ಟಿಲಿನಂತೆ ಆಡಿಸಬೇಕು. ನೀಲಿಯಲ್ಲಿ ಒಡೆದ ಹಾಲಿನಂತೆ ಗರಣೆಗಟ್ಟಿದರೆ ಎ. ಹಳದಿಯಲ್ಲಿ ಗರಣೆಗಟ್ಟಿದರೆ ಬಿ. ಅವಳ ರಕ್ತ ಯಾರು ಕಲಸಿದರೂ ಹಳದಿಯಲ್ಲೇ ಒಡೆಯುತ್ತಿತ್ತು.

"ರಕ್ತ ಅಂದ್ರೆ ಬಾಡಿಗೆ ಸೈಕಲ್ ಅಲ್ಲ, ಯಾರದ್ದನ್ನ ಯಾರು ಬೇಕಾದ್ರೂ ಹತ್ಕೊಂಡು ಹೋಗೋಕೆ," ಎನ್ನುತ್ತಿದ್ದರು ಟೀಚರಮ್ಮ. "ತಪ್ಪು ಗುಂಪು ಒಳಗೆ ಹೋಯ್ತೋ, ಮೈಯೊಳಗೂ ಹೀಗೇ ಒಡೆಯುತ್ತೆ. ಚಳಿ ಅಂತಾರೆ, ಸೊಂಟ ಸಿಡೀತಿದೆ ಅಂತಾರೆ. ಆಗ ಮೊದಲು ನಳಿಕೆ ಮುಚ್ಚಿ. ಮಾತು ಆಮೇಲೆ."

ಅಕ್ಕ ಚಳಿ ಅಂದಿದ್ದಳು. ಸೊಂಟ ಹಿಡಿದು ಅತ್ತಿದ್ದಳು. ನಾಟಕ ಸಾಕು, ಸುಮ್ಮನೆ ಮಲಗು ಎಂದಿದ್ದರು ವಾರ್ಡಿನವರು. ಪಕ್ಕದಲ್ಲಿ ನಿಂತ ತಂಗಿಯೂ, ಸುಮ್ಮನೆ ಮಲಗಕ್ಕ, ಬೈತಾರೆ ಎಂದಿದ್ದಳು.

ಇನ್ನೊಂದು ದಿನ ಟೀಚರಮ್ಮ ಚೀಲ ಏರಿಸುವುದನ್ನು ಕಲಿಸಿದರು. ಚೀಲದ ಮೇಲಿನ ಗುಂಪು ಇಬ್ಬರು ನೋಡಬೇಕು. ಲ್ಯಾಬಿನವರು ನೋಡಿದ್ದಾರೆ ಎಂದು ಕಣ್ಣು ಮುಚ್ಚಬಾರದು.

"ಮುಖ್ಯವಾದ್ದು ಇದು. ಹೆಸರು ಓದಿ, 'ನೀವೇ ತಾನೇ?' ಅಂತ ಕೇಳ್ಬೇಡಿ. ಹೆದರಿರೋ ಮನುಷ್ಯ ಯಾವ ಹೆಸರಿಗೂ ಹೂಂ ಅಂದ್ಬಿಡ್ತಾನೆ. ಹೆಸರೇನು ಅಂತ ಕೇಳಿ. ಬಾಯಿಂದ ಅದು ತಾನಾಗಿ ಬರ್ಲಿ."

ಬೆರಳಿಗೆ ಹತ್ತಿ ಒತ್ತಿಕೊಂಡಿದ್ದವಳ ಕೈ ಹಾಗೇ ನಿಂತಿತು. ಅಂದು ಚೀಲ ಹಿಡಿದು ಬಂದವರು 'ನೀನೇ ತಾನೇ?' ಎಂದೇ ಕೇಳಿದ್ದರು. ಅಕ್ಕ ಹೂಂ ಅಂದಿದ್ದಳು. ಅವಳಾಡಿದ ಆ ಒಂದು ಮಾತನ್ನೇ ಹಿಡಿದು, ತಪ್ಪು ಅವಳದೇ ಎಂದು ಕೈ ತೊಳೆದುಕೊಂಡಿದ್ದರು.

ಕ್ಲಾಸು ಮುಗಿದ ಮೇಲೆ ಟೀಚರಮ್ಮ ಎಂದಿನಂತೆ ಅವಳ ಕೈಗೊಂದು ಬಾಳೆಹಣ್ಣು ಇಟ್ಟರು. "ತಿನ್ನು. ಮೈಯಲ್ಲಿ ರಕ್ತವೇ ಇಲ್ಲ ನಿನಗೆ. ನಾಳೆ ಇವರ ಪಾಠ ವಾರ್ಡಿನಲ್ಲಿ, ನೀನೂ ಬಾ." ಅವಳು ಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ವಾರ್ಡಿನಲ್ಲಿ ಟೀಚರಮ್ಮ ಇರಲಿಲ್ಲ. ದೊಡ್ಡ ಡಾಕ್ಟರು ಇದ್ದರು. ಹಿಂದೆ ಬಿಳಿ ಕೋಟುಗಳ ಸಾಲು. ಗುಂಗುರುವಿನ ಕೈಯಲ್ಲಿ ಚೀಲ. ಕಿಟಕಿಯ ಪಕ್ಕದ ಹಾಸಿಗೆ. ಅಕ್ಕ ಇದ್ದದ್ದು ಅದೇ ಕಿಟಕಿಯ ಪಕ್ಕ.

ಚೀಲ ಕಂಬಕ್ಕೆ ಏರಿತು. ಅದರ ಮೈಮೇಲೆ ಕಡುಗಪ್ಪು ಅಕ್ಷರ: ಎ.

ಈ ಹಾಸಿಗೆಗೆ ಬೇಕಾದದ್ದು ಬಿ. ಬೆರಳಕ್ಕನಿಗದು ಗೊತ್ತು. ಗುಂಗುರುವಿಗೂ ಗೊತ್ತು. ಗುಂಗುರುವಿನ ಬಾಯಿ ತೆರೆಯಿತು. "ಸರ್, ಇದು..."

"ಏನು? ಲ್ಯಾಬಿನವರಿಗಿಂತ ದೊಡ್ಡವಳಾ ನೀನು? ಪಾಸಾಗೋ ಆಸೆ ಇಲ್ವಾ?"

ಗುಂಗುರು ಚೀಲದ ನಳಿಕೆ ಬಿಡಿಸತೊಡಗಿದಳು.

ಡಾಕ್ಟರು ಬೆರಳಕ್ಕನ ಕಡೆ ತಿರುಗಿದರು. "ನೀನ್ಯಾಕೆ ಹಾಗೆ ಗುಬ್ಬಿ ಥರ ನಡುಗ್ತೀಯಾ? ಅವಳು ಕೇಳ್ತಾಳೆ, ನೀನು ಹೂಂ ಅನ್ನು. ಅಷ್ಟೇ ಕೆಲಸ. ನನಗಿನ್ನೂ ಬೇರೆ ವಾರ್ಡಿದೆ."

ಹೂಂ ಗಂಟಲ ತನಕ ಬಂದಿತ್ತು. ಹುಟ್ಟಿದಾಗಿನಿಂದ ಸವೆದ ದಾರಿ ಅದು, ಜಾರಿಕೊಂಡು ಬರುತ್ತಿತ್ತು. ಅವಳು ತುಟಿ ಕಚ್ಚಿದಳು. ಇಷ್ಟು ದಿನ ಅವಳ ಬೆರಳು ಚುಚ್ಚಿದವರಲ್ಲಿ ಒಬ್ಬರೂ ಒಂದು ಮಾತು ಕೇಳಿರಲಿಲ್ಲ.

ಗುಂಗುರು ಚೀಲದ ಮೇಲಿದ್ದ ಯಾರದೋ ಹೆಸರು ಓದಿ, ಹಾಸಿಗೆಯ ಮೇಲೆ ಬಗ್ಗಿ, "ನೀವೇ ತಾನೇ?" ಎಂದಾಗ, ದಿಂಬಿಗೊರಗಿ ಮಲಗಿದ್ದ ಬೆರಳಕ್ಕ ಸೂಜಿಗೆಂದು ಚಾಚಿದ್ದ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು ಹೇಳಿದಳು: "ಅನ್ನಲ್ಲ. ಮೊದಲು ನನ್ನ ಹೆಸರೇನು ಅಂತ ಕೇಳಿ."