ಬೇರೊಂದು ಕರೆಯಲ್ಲಿದ್ದಾರೆ

ಅವನ ಕಚೇರಿಯಲ್ಲಿ ತಯಾರಾಗುತ್ತಿದ್ದುದು ವಿಡಿಯೊ ಕರೆಯ ಆ್ಯಪ್. ಕರೆ ಮಾಡಿದ ಮೇಲೆ ಅತ್ತಲಿಂದ ಉತ್ತರ ಬರುವವರೆಗೆ ಅದರ ಹಳೆಯ ಆವೃತ್ತಿ ಕೈಕಟ್ಟಿ ಕಾಯುತ್ತಿತ್ತು. ಅದನ್ನು ತಿದ್ದಿದವನು ಅವನೇ. ಈಗ ಬಟನ್ ಒತ್ತಿದ ಕ್ಷಣವೇ ಒತ್ತಿದವರು ಕರೆಯಲ್ಲಿದ್ದಾರೆಂದು ಆ್ಯಪ್ ಗುರುತು ಹಾಕಿಕೊಳ್ಳುತ್ತಿತ್ತು. ಉತ್ತರ ತನ್ನ ಪಾಡಿಗೆ ತಾನು ಆಮೇಲೆ ಬರುತ್ತಿತ್ತು; ಹಾಗೆ ಬರುವ ಉತ್ತರಕ್ಕೆ ಅವರ ಕಚೇರಿಯಲ್ಲಿ 'ಕಾಲ್‌ಬ್ಯಾಕ್' ಎನ್ನುತ್ತಿದ್ದರು. ಮ್ಯಾನೇಜರ್ ಬೆನ್ನು ತಟ್ಟಿ, ಮನೆಯವರಿಗೂ ಕೊಟ್ಟು ನೋಡಿ ಎಂದರು. ಅವನು ಹೆಂಡತಿಯ ಫೋನಿಗೆ ಹಾಕಿಕೊಟ್ಟ.

ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಊಟದ ಬಿಡುವಿನ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಅವನು ಅದೇ ಆ್ಯಪ್‌ನಲ್ಲಿ ಕರೆ ಮಾಡುತ್ತಿದ್ದ. ವಾರವಿಡೀ ಪರದೆಯ ಮೇಲೆ ಒಂದೇ ಸಾಲು: 'ಅವರು ಬೇರೊಂದು ಕರೆಯಲ್ಲಿದ್ದಾರೆ.' ಅವಳ ಶಾಲೆಯಿಂದ ಈಚೆಗೆ ಧಾರವಾಡಕ್ಕೆ ವರ್ಗವಾಗಿ ಹೋದ ಡ್ರಾಯಿಂಗ್ ಮಾಸ್ತರನ ಮುಖ ಕಣ್ಣ ಮುಂದೆ ಬಂದು, ಅವನು ರೊಟ್ಟಿಯ ಡಬ್ಬಿ ಮುಚ್ಚಿಟ್ಟ. ಅವಳ ಹುಟ್ಟುಹಬ್ಬಕ್ಕೆ ಅವಳದೇ ಚಿತ್ರ ಬರೆದುಕೊಟ್ಟಿದ್ದ ಮನುಷ್ಯ ಆ ಮಾಸ್ತರ.

ಶನಿವಾರ ಸಂಜೆ ಅವಳು ಶೇಂಗಾ ಸುಲಿಯುತ್ತ ಕೂತಿದ್ದಾಗ ಕೇಳಿಯೇಬಿಟ್ಟ.

"ಡ್ರಾಯಿಂಗ್ ಮಾಸ್ತರು ಆರಾಮ ಅದಾರೇನು?"

"ನನಗೇನ ಗೊತ್ತರಿ? ವರ್ಗ ಆಗಿ ಹೋದಮ್ಯಾಲ ಒಂದ ಮಾತೂ ಇಲ್ಲ."

"ಮಾತಿಲ್ಲಂದ್ರ, ದಿನಾ ಊಟದ ಗಂಟಿ ಹೊಡದ ಕೂಡ್ಲೆ ಯಾರಿಗೆ ಫೋನ್ ಹಚ್ಚತಿ? ಸುಳ್ಳ ಹೇಳಬ್ಯಾಡ, ನಾ ನೋಡೀನಿ."

ಅವಳು ಶೇಂಗಾ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ನಿಮಗ ಹಚ್ಚತೇನಿ. ದಿನಾ ನೀವ ಬ್ಯಾರೆ ಕಾಲ್‌ನ್ಯಾಗ ಇರತೀರಿ. ಯಾರ ಆಕಿ?"