ಸುಳ್ಳಿನ ಮೂರು ಪ್ರತಿ

ಮೊದಲ ಪ್ರತಿ ಹೊರಬಂದಾಗಲೇ ಜೆರಾಕ್ಸ್ ಅಂಗಡಿಯವಳ ಕಣ್ಣಿಗೆ ಅದರಲ್ಲಿದ್ದ ತನ್ನದೇ ಅಂಗಡಿಯ ನಂಬರು ಬಿತ್ತು. ಗಿರಾಕಿಗಳ ಕಾಗದವನ್ನು ಅವಳು ಎಂದೂ ಓದಿದವಳಲ್ಲ. ಅಂಚು ನೇರವಾಗಿದೆಯೇ, ಅಕ್ಷರ ಮಸುಕಾಗಿಲ್ಲವೇ, ಅಷ್ಟೇ ಅವಳ ನೋಟ. ರಸ್ತೆಯಾಚೆಗೇ ಕೋರ್ಟು, ಯಾರು ಯಾರಿಗೆ ಟೋಪಿ ಹಾಕಿದರು ಎಂದು ಓದುತ್ತ ಕೂತರೆ ಅಂಗಡಿ ನಡೆಸಿದ ಹಾಗೆಯೇ. ಇವತ್ತು ಮಾತ್ರ ಮೊದಲಿನಿಂದ ಕೊನೆಯವರೆಗೆ ಓದಿದಳು.

“ಮೂರು ಕಾಪಿ ಅಂದ್ನಲ್ಲಮ್ಮ, ಬೇಗ,” ಎಂದ ಕೌಂಟರಿನಾಚೆ ನಿಂತಿದ್ದವನು. ಐದು ವರ್ಷದ ಹಿಂದೆ ಈ ಅಂಗಡಿಯನ್ನು ಅವಳಿಗೆ ಮಾರಿದ ಹಳೆಯ ಮಾಲೀಕ.

“ಇದೇನಣ್ಣಾ ಇದು? ‘ನಾನು ಸುಳ್ಳು ಹೇಳಿ ಅಂಗಡಿ ಮಾರಿದ್ದೇನೆ. ಆದ್ದರಿಂದ ಕರಾರು ಅಸಿಂಧು, ಅಂಗಡಿ ನನಗೆ ವಾಪಸ್ ಕೊಡಿಸಬೇಕು.’ ಯಾರ ವಿಷಯ ಇದು? ನಮ್ದಾ?”

“ಓದಿಬಿಟ್ಯಾ?” ಅವನು ಬೆಚ್ಚಿದ. “ನೀನು ಯಾರ ಕಾಗದಾನೂ ಓದಲ್ಲ ಅಂತಾನೇ ಇಲ್ಲಿಗೆ ತಂದೆ.” ಆಮೇಲೆ, ಹೇಗೂ ಗುಟ್ಟು ರಟ್ಟಾಯಿತಲ್ಲ ಎಂದು ಧೈರ್ಯ ಮಾಡಿದ. “ಎದುರಿನ ಬಯಲಿಗೆ ಕೋರ್ಟ್ ಬರುತ್ತೆ, ವ್ಯಾಪಾರ ಚೆನ್ನಾಗಾಗುತ್ತೆ ಅಂದಿದ್ದೆ ನೋಡು, ಅದು ಶುದ್ಧ ಸುಳ್ಳು. ಅಂಗಡಿ ಸಾಗಹಾಕೋಕೆ ಬಾಯಿಗೆ ಬಂದದ್ದು ಹೇಳಿದೆ.”

“ಆದ್ರೆ ಬಂತಲ್ಲ!”

“ಬಂತು. ನನಗದೇ ಹೊಟ್ಟೆ ಉರಿ.”

ಕಡತದ ಪ್ರತಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದ ಚಿಕ್ಕ ವಯಸ್ಸಿನ ವಕೀಲೆಯ ಕಿವಿ ನೆಟ್ಟಗಾಯಿತು. ತಡೆಯಲಾರದೆ ಎದ್ದು ಬಂದು ಕಾಗದ ಇಸಿದುಕೊಂಡಳು. “ಮೋಸ ಹೋದೆ ಅಂತ ಅಳೋರನ್ನ ದಿನಾ ನೋಡ್ತೀನಿ. ಮೋಸ ಮಾಡಿದ್ದೀನಿ, ನ್ಯಾಯ ಕೊಡಿಸಿ ಅನ್ನೋರು ನೀವೇ ಮೊದಲು. ಹೆದರಿಸಿ ಸಹಿ ಹಾಕಿಸಿಕೊಂಡ್ರಾ?”

“ಛೆ ಛೆ!”

“ದೊಡ್ಡವನು ಅನ್ನೋ ಸಲಿಗೆ ಬಳಸಿ ಒತ್ತಾಯ ಏನಾದ್ರೂ?”

“ಅಣ್ಣ ಅಂತ ಅವಳೇ ಕರೀತಿದ್ಲು. ನಾನು ಬೇಡ ಅನ್ನಲಿಲ್ಲ, ಅಷ್ಟೇ.”

“ಹಾಗಾದ್ರೆ ಬರೀ ಸುಳ್ಳು.” ವಕೀಲೆಗೆ ಖುಷಿಯೋ ಖುಷಿ. “ನೋಡಿ ಯಜಮಾನ್ರೇ, ಇದರಲ್ಲಿ ಯಾವುದು ನಡೆದಿದ್ರೂ ಕರಾರು ತಾನಾಗಿ ಬಿದ್ದುಹೋಗಲ್ಲ. ಬೀಳಿಸೋದೋ ಉಳಿಸೋದೋ ಮೋಸಹೋದವರ ಇಷ್ಟ. ಸುಳ್ಳು ನಿಮ್ಮದು, ಹಕ್ಕು ಈ ಅಕ್ಕಂದು.”

ಹಳೆಯ ಮಾಲೀಕನ ಮುಖ ಇಂಗು ತಿಂದ ಮಂಗನಂತಾಯಿತು. ತಿಂಗಳುಗಟ್ಟಲೆ ತಲೆ ಕೆರೆದುಕೊಂಡು ತಾನೇ ಬರೆದ ಅರ್ಜಿ ಅದು.

“ಅಕ್ಕಾ, ನಿಮಗೂ ಒಂದು ಮಾತು,” ಎಂದು ವಕೀಲೆ ಇತ್ತ ತಿರುಗಿದಳು. “ಇವತ್ತು ನಿಮಗೆ ವಿಷಯ ಗೊತ್ತಾಯ್ತು. ಬೇಡ ಅನ್ನಿಸಿದ್ರೆ ಅಂಗಡಿ ಇವರಿಗೆ ಒಪ್ಪಿಸಿ, ಕೊಟ್ಟ ದುಡ್ಡು ವಾಪಸ್ ಕೇಳಬಹುದು. ಗೊತ್ತಾದ ಮೇಲೂ ಮೆಷಿನ್ ಓಡಿಸ್ತಾ ಹೋದ್ರೆ ಒಪ್ಪಿಕೊಂಡ ಹಾಗೆ. ಆಮೇಲೆ ಮೋಸ ಆಯ್ತು ಅನ್ನೋ ಹಾಗಿಲ್ಲ.”

ಅಂಗಡಿ ಉಳಿಯಿತು ಎಂದು ಅಂಗಡಿಯವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬಟ್ಟೆ ಕಾರ್ಖಾನೆ ಮುಚ್ಚಿದಾಗ ಕೈಗೆ ಬಂದದ್ದನ್ನೆಲ್ಲ ಇಲ್ಲಿ ಸುರಿದಿದ್ದಳು. ಮೂರು ವರ್ಷ ಖಾಲಿ ಬಯಲನ್ನೇ ನೋಡುತ್ತ ಕೂತಿದ್ದಳು. ಗಂಡ ರೇಗಿದಾಗ, ಅತ್ತಿಗೆ ಆಡಿಕೊಂಡಾಗ, ಅಂಗಡಿ ಮಾರಿದ ಅಣ್ಣ ಹೇಳಿದ್ದಾರೆ, ಕೋರ್ಟ್ ಬಂದೇ ಬರುತ್ತೆ ಎಂದು ಅವರೆಲ್ಲರ ಬಾಯಿ ಮುಚ್ಚಿಸಿದ್ದಳು. ಆ ಮಾತಿಗೆ ತಲೆಬುಡ ಇರಲಿಲ್ಲ ಎಂದು ಈಗ ತಿಳಿಯಿತು.

“ಒಂದು ಕೇಳ್ತೀನಿ, ನಿಜ ಹೇಳಿ,” ಎಂದಳು. “ಸಹಿ ಹಾಕೋವಾಗ ನಾನು ದೇವರ ಹೆಸರು ಹೇಳ್ಕೊಂಡೆ. ನೋಡಿ ಒಳಗೊಳಗೇ ನಕ್ಕಿರಾ?”

ಹಳೆಯ ಮಾಲೀಕ ಕೌಂಟರಿನ ಮೇಲಿದ್ದ ಪಿನ್ನುಗಳನ್ನು ಬೆರಳಲ್ಲಿ ಅತ್ತಿತ್ತ ಸರಿಸಿದ.

“ಇಲ್ಲಮ್ಮ. ನಾನೂ ಒಳಗೊಳಗೇ ದೇವರನ್ನ ನೆನೀತಿದ್ದೆ. ‘ಅಣ್ಣಾ, ಕೋರ್ಟ್ ನಿಜವಾಗ್ಲೂ ಬರುತ್ತಾ’ ಅಂತ ನೀನು ಒಂದೇ ಒಂದು ಸಲ ಕೇಳಿದ್ದಿದ್ರೆ ಇಲ್ಲ ಅಂದುಬಿಡ್ತಿದ್ದೆ. ದೇವರಾಣೆ. ನೀನು ಕೇಳಲೇ ಇಲ್ಲ.”

ವಕೀಲೆ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದಳು.

ಅಂಗಡಿಯವಳು ವಕೀಲೆಯ ಕೈಯಿಂದ ಅರ್ಜಿ ತೆಗೆದುಕೊಂಡು ಮತ್ತೆ ಗಾಜಿನ ಮೇಲೆ ಮಲಗಿಸಿದಳು. ಅಂಚು ನೇರ ಮಾಡಿದಳು.

“ಕೇಳೋಣ ಅಂತ ಬಾಯಿ ತೆರೆದಿದ್ದೆ ಅಣ್ಣಾ. ನಿಮಗೆಲ್ಲಿ ಬೇಜಾರಾಗುತ್ತೋ ಅಂತ ಸುಮ್ಮನಾದೆ.”

ಅಷ್ಟು ಹೇಳಿ, ಉಳಿದೆರಡು ಪ್ರತಿಗೆ ಹಸಿರು ಗುಂಡಿ ಒತ್ತಿದಳು.