ದಿಂಬಿನ ರೋಗಿ

ಅಬುಧಾಬಿಯಲ್ಲಿ ನಾನು ನೋಡಿಕೊಳ್ಳುವ ಮುದುಕರ ಮೈ ಒರೆಸಲು ಬಿಸಿನೀರಿಗೆ ಡೆಟಾಲ್ ಹಾಕಿದಾಗಲೆಲ್ಲ ನಮ್ಮೂರಿನ ನರ್ಸಮ್ಮನ ಜಗಲಿ ನೆನಪಾಗುತ್ತದೆ. ಆಂಗ್ಲೋ ಇಂಡಿಯನ್ ಹೆಂಗಸು, ಬ್ರಿಟಿಷರ ಕಾಲದಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿದ್ದವರು. "ದೊರೆಸಾನಿಯರು ನನ್ನನ್ನು ಊಟದ ಮೇಜಿಗೆ ಸೇರಿಸಲಿಲ್ಲ, ನೀವು ಅಡುಗೆಮನೆಗೆ ಸೇರಿಸುವುದಿಲ್ಲ" ಎಂದು ನಗುತ್ತಿದ್ದರು.

ಅಕ್ಕನನ್ನು ನರ್ಸಿಂಗ್ ತರಬೇತಿಗೆ ಕಳಿಸಬೇಕೆಂದು ಅವರಿಗೆ ಆಸೆ. ಒಂದು ಮಧ್ಯಾಹ್ನ ತಮ್ಮ ಜಗಲಿಯಲ್ಲಿ ಉದ್ದನೆಯ ದಿಂಬನ್ನು ಚಾಪೆಯ ಮೇಲೆ ಮಲಗಿಸಿ, ರೋಗಿಯ ಮೈ ಒರೆಸುವುದನ್ನು ಅವಳಿಗೆ ಕಲಿಸಿದರು.

"ಮೆಲ್ಲ ಮಗಾ, ಅವನಿಗೆ ನೋಯ್ತದೆ."

ಅಕ್ಕ ನಗದೆ ದಿಂಬನ್ನು ಮೆಲ್ಲಗೆ ಮಗ್ಗುಲಾಗಿಸಿದಳು. ನನಗೂ ಕಲಿಸಿ ಎಂದೆ.

"ನೀನು ಮೊದಲು ನಿನ್ನ ಮೂಗು ಒರೆಸಿಕೋ!" ಎಂದರು ನರ್ಸಮ್ಮ.

ಆ ಸಿಟ್ಟಿಗೆ ಅಪ್ಪನ ಬಳಿ ಹೋಗಿ, "ಅಕ್ಕನಿಗೆ ಗಂಡಸರ ಮೈ ಒರೆಸ್ಲಿಕ್ಕೆ ಕಲಿಸ್ತಾರೆ" ಎಂದೆ. ದಿಂಬಿನ ಮಾತು ಎತ್ತಲಿಲ್ಲ.

ಮರುದಿನ ನರ್ಸಮ್ಮ ತರಬೇತಿಯ ಅರ್ಜಿ ಹಿಡಿದು ಬಂದರು. ಅಪ್ಪ ಹೇಳಿಕೊಟ್ಟಂತೆ, "ಅಕ್ಕನಿಗೆ ಮನಸ್ಸಿಲ್ಲವಂತೆ" ಎಂದೆ. ಅವರು ಅರ್ಜಿ ಮಡಚಿ, ನನ್ನ ತಲೆ ಸವರಿ ಹೊರಟುಹೋದರು.

ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ್ದ ಅಕ್ಕ ನನ್ನನ್ನು ಬೈಯಲಿಲ್ಲ.

"ಅಷ್ಟು ಬಿಸಿಲಲ್ಲಿ ಬಂದಿದ್ರು, ಕುಡೀಲಿಕ್ಕೆ ನೀರಾದ್ರೂ ಕೊಡ್ಬಾರ್ದಿತ್ತಾ?" ಎಂದಳು.